ಕತ್ತಿಹಲ್ಲಿನ ಬೆಕ್ಕಿಗೆ ಏನೇನು ಬೇಕು?

ರಜೆ ಬಂತೆಂದರೆ ಮಕ್ಕಳು ಕಂಪ್ಯೂಟರ್ ಮುಂದಿನಿಂದ ಏಳುವುದೇ ಇಲ್ಲ ಎಂಬುದು ಹೆಚ್ಚಿನ ಪಾಲಕರ ದೂರು. ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಆಟಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಆಟಗಳಲ್ಲಿ ಒಂದು ಪಾಠವೂ ಅಡಗಿರುತ್ತದೆ, ಅದನ್ನು ಹೊರಗೆ ತೆಗೆಯುವವರು ಬೇಕು, ಅಷ್ಟೆ.

2002ರಲ್ಲಿ ಬಂದ ‘ಝೂ ಟೈಕೂನ್: ಡೈನೊಸಾರ್ ಡಿಗ್ಸ್’ ಆಟವನ್ನೇ ನೋಡಿ. ಅಳಿದುಹೋದ ಪ್ರಾಣಿಗಳ ಮೃಗಾಲಯವೊಂದನ್ನು ಇಲ್ಲಿ ನೀವೇ ಕಟ್ಟಿ ನಡೆಸಬೇಕು. ಹಿಮಯುಗದ ಕತ್ತಿಹಲ್ಲಿನ ಬೆಕ್ಕೂ ಅದರಲ್ಲಿದೆ. ಅದನ್ನು ತಂದು ಬೇಲಿಯೊಳಗೆ ಬಿಟ್ಟರೆ ಕೆಲಸ ಮುಗಿಯಲಿಲ್ಲ. ಒಗ್ಗುವ ನೆಲ, ಮರ, ಬಂಡೆ, ಆಹಾರ, ಗಟ್ಟಿ ಬೇಲಿ, ನೋಡಿಕೊಳ್ಳಲು ವಿಜ್ಞಾನಿ ಎಲ್ಲವೂ ಬೇಕು. ಒಂದು ಕಡಿಮೆಯಾದರೂ ಪ್ರಾಣಿ ಮುನಿಸಿಕೊಳ್ಳುತ್ತದೆ. ಪ್ರಾಣಿಯನ್ನು ಸಾಕುವುದೆಂದರೆ ಅದರ ಅಗತ್ಯಗಳನ್ನು ತಿಳಿಯುವುದು ಎಂಬುದೇ ಇಲ್ಲಿನ ಪಾಠ. ಒಳ್ಳೆಯ ಪಾಠವೇ.

ನಿಜವಾದ ಮೃಗಾಲಯದಲ್ಲೂ ಇದೇ ಲೆಕ್ಕ. ನಮ್ಮ ದೇಶದ ಮೃಗಾಲಯಗಳ ನಿಯಮದಂತೆ ಒಂದು ಜೋಡಿ ಹುಲಿಗೆ ಕನಿಷ್ಠ 1000 ಚದರ ಮೀಟರ್ ಬಯಲು ಆವರಣ ಇರಬೇಕು. ಅಂದರೆ ಸುಮಾರು ಹತ್ತು ಗುಂಟೆ. ಕಾಡಿನ ಹುಲಿಯೋ ಹತ್ತಾರು ಚದರ ಕಿಲೋಮೀಟರ್ ಅಲೆಯುತ್ತದೆ. ಮಂಗಳೂರಿನ ಪಿಲಿಕುಳಕ್ಕೆ ಪ್ರವಾಸ ಹೋದಾಗ ಈ ಎರಡು ಅಂಕಿಗಳು ನೆನಪಿರಲಿ.

ಇನ್ನು ನಿಜವಾದ ಕತ್ತಿಹಲ್ಲಿನ ಬೆಕ್ಕು. ಇದರ ಹೆಸರು ಸ್ಮೈಲೊಡಾನ್. ಅಮೆರಿಕ ಖಂಡಗಳಲ್ಲಿದ್ದ ಈ ಪ್ರಾಣಿ ಹುಲಿಯ ಪೂರ್ವಜ ಅಲ್ಲ, ಬೆಕ್ಕಿನ ಕುಟುಂಬದ ಬೇರೆಯೇ ಕವಲು. ಮೋಟು ಬಾಲ, ದಪ್ಪ ಮುಂಗಾಲು. ಮೇಲ್ದವಡೆಯ ಕೋರೆಹಲ್ಲು ಸುಮಾರು 18 ಸೆಂಟಿಮೀಟರ್ ಉದ್ದ, ಕೆಲವು ಜಾತಿಗಳಲ್ಲಿ ಇನ್ನೂ ಹೆಚ್ಚು. ಲಾಸ್ ಏಂಜಲಿಸ್‌ನ ಲಾ ಬ್ರಿಯಾ ಎಂಬಲ್ಲಿನ ಡಾಂಬರು ಹೊಂಡಗಳಲ್ಲಿ 2000ಕ್ಕೂ ಹೆಚ್ಚು ಸ್ಮೈಲೊಡಾನ್‌ಗಳ ಮೂಳೆಗಳು ದೊರೆತಿವೆ. ಅಂಟಿನಲ್ಲಿ ಸಿಕ್ಕಿಬಿದ್ದ ಪ್ರಾಣಿಯನ್ನು ತಿನ್ನಲು ಬಂದು ತಾವೂ ಸಿಕ್ಕಿಬಿದ್ದವು ಇವು. ನಮ್ಮಲ್ಲೂ ಶಿವಾಲಿಕ್ ಬೆಟ್ಟಗಳಲ್ಲಿ ಕತ್ತಿಹಲ್ಲಿನ ಬೆಕ್ಕಿನ ಪಳೆಯುಳಿಕೆ ಸಿಕ್ಕಿದೆ. ಹಿಮಾಚಲ ಪ್ರದೇಶದ ಸಾಕೇತಿಯ ಉದ್ಯಾನದಲ್ಲಿ ಅದರ ಮಾದರಿಯನ್ನು ನಿಲ್ಲಿಸಿದ್ದಾರೆ.

ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಸ್ಮೈಲೊಡಾನ್ ಅಳಿಯಿತು. ಹವಾಮಾನ ಬದಲಾಯಿತು, ಮನುಷ್ಯ ಬೇಟೆಯಾಡಿದ, ದೊಡ್ಡ ದೊಡ್ಡ ಪ್ರಾಣಿಗಳು ಒಂದೊಂದಾಗಿ ಇಲ್ಲವಾದವು. ಯಾವುದರ ಪಾಲು ಎಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ. ಒಂದು ಮಾತಂತೂ ಖಂಡಿತ. ಅದರ ಹಲ್ಲು ಮೊಂಡಾಗಿರಲಿಲ್ಲ. ಅದರ ಅಗತ್ಯಗಳ ಪಟ್ಟಿಯನ್ನು ಪೂರೈಸುತ್ತಿದ್ದ ಲೋಕವೇ ಕರಗಿತ್ತು. ಆಟದಲ್ಲಿ ಹಣ ಕೊಟ್ಟರೆ ಮರ ಬರುತ್ತದೆ, ಮಾಂಸ ಬರುತ್ತದೆ. ಕಾಡಿನಲ್ಲಿ ತಂದುಕೊಡುವವರು ಯಾರು?

ಈ ಪ್ರಶ್ನೆ ಕೇಳಲು ಅಮೆರಿಕಕ್ಕೆ ಹೋಗಬೇಕಿಲ್ಲ. ಭಟ್ಕಳದ ಬೆಳಕೆಯಿಂದ ಕುಮಟೆಯವರೆಗೆ ಎಲ್ಲಿ ನಿಂತು ನೋಡಿದರೂ ಮೂಡಲಿಗೆ ಘಟ್ಟ ಕಾಣುತ್ತದೆ. ಆ ಘಟ್ಟದಲ್ಲಿ, ಶಿರಸಿ–ಹೊನ್ನಾವರದ ಕಾಡಿನಲ್ಲಿ ಸಿಂಗಳೀಕವಿದೆ. ಪಶ್ಚಿಮ ಘಟ್ಟ ಬಿಟ್ಟರೆ ಲೋಕದ ಇನ್ನಾವ ಕಾಡಿನಲ್ಲೂ ಇದು ಇಲ್ಲ. ಇದರ ಪಟ್ಟಿಯೂ ಬಹಳ ಕಟ್ಟುನಿಟ್ಟು. ಕೊಂಬೆಯಿಂದ ಕೊಂಬೆಗೆ ದಾಟಲು ಕಡಿಯದ ಮರಗಳ ಚಪ್ಪರ ಬೇಕು, ವರ್ಷವಿಡೀ ಒಂದಲ್ಲ ಒಂದು ಹಣ್ಣು ಬೇಕು. ಹೆರುವುದು ಒಂದು ಬಾರಿಗೆ ಒಂದೇ ಮರಿ, ಅದೂ ಎರಡು ಮೂರು ವರ್ಷಕ್ಕೊಮ್ಮೆ. ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳಲು ಅದಕ್ಕೆ ಆಗದು.

2011ರಲ್ಲಿ ಸರ್ಕಾರ ಇಲ್ಲಿನ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಆದರೆ ಇದು ಬೇಲಿ ಹಾಕಿದ ಮೃಗಾಲಯ ಅಲ್ಲ, ಜನರೂ ಬದುಕುವ ಕಾಡು. ಉಪ್ಪಾಗೆಯನ್ನು ಜನರೂ ಕೊಯ್ಯುತ್ತಾರೆ, ಸಿಂಗಳೀಕವೂ ತಿನ್ನುತ್ತದೆ. ಬಲಿಯುವ ಮೊದಲೇ ಕೊಯ್ದರೆ, ಕೈಗೆಟುಕಲೆಂದು ಕೊಂಬೆಯನ್ನೇ ಕಡಿದರೆ, ಒಣಗಿಸಲು ಹಸಿ ಮರ ಉರಿಸಿದರೆ ಇಬ್ಬರಿಗೂ ನಷ್ಟ. ಹಣ್ಣಾದದ್ದನ್ನು ಕೊಯ್ದು, ಮೇಲಿನದನ್ನು ಮರದಲ್ಲೇ ಬಿಟ್ಟರೆ ಮನೆಯೂ ನಡೆಯುತ್ತದೆ, ಸಿಂಗಳೀಕದ ಹೊಟ್ಟೆಯೂ ತುಂಬುತ್ತದೆ.

ಆದ್ದರಿಂದ ಪಾಲಕರೇ, ಮಗು ಆಟದಲ್ಲಿ ಮುಳುಗಿದ್ದಾಗ ಸ್ವಿಚ್ ಆರಿಸುವ ಮೊದಲು ಹತ್ತು ನಿಮಿಷ ಪಕ್ಕದಲ್ಲಿ ಕೂಡಿರಿ. ‘ಈ ಬೆಕ್ಕಿಗೆ ಏನೇನು ಬೇಕು? ಇದು ಯಾಕೆ ಅಳಿಯಿತು?’ ಎಂದು ಕೇಳಿರಿ. ವಿದ್ಯಾರ್ಥಿಗಳೇ, ಉತ್ತರವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮಗ್ಗುಲಿಗೆ ಸಿಂಗಳೀಕದ ಪಟ್ಟಿಯನ್ನೂ ಬರೆಯಿರಿ. ಮೊದಲ ಪಟ್ಟಿಯನ್ನು ಪೂರೈಸಲು ಮೌಸ್ ಸಾಕು. ಎರಡನೆಯದರಲ್ಲಿ ಯಾವುದು ನಮ್ಮೂರಿನವರ ಕೈಯಲ್ಲಿದೆ ಎಂದು ಮನೆಯಲ್ಲಿ, ಶಾಲೆಯಲ್ಲಿ ಕೇಳಿ ಗುರುತು ಹಾಕಿರಿ.