ಕಾವಲಿನವನಿಗೆ ಕೂಲಿ ಕೊಡೋದು ಯಾರು? ಸಣ್ಣ ಕಾಯಿನ್‌ಗಳ ದೊಡ್ಡ ಅಪಾಯ

ಬದಿಯಡ್ಕ: ಕುಂಬಳೆ–ಮುಳ್ಳೇರಿಯ ರಸ್ತೆಯ ಈ ಪೇಟೆಯಲ್ಲಿ ದುಡ್ಡಿನ ಮಾತು ಎಂದರೆ ಒಂದು ಅಡಿಕೆ ದರ, ಇನ್ನೊಂದು ಗಲ್ಫಿನಿಂದ ಬರುವ ಸಂಬಳ. ಈಚಿನ ವರ್ಷಗಳಲ್ಲಿ ಯುವಕರ ಮೊಬೈಲ್‌ನಲ್ಲಿ ಮೂರನೆಯದೊಂದು ಸೇರಿಕೊಂಡಿದೆ. ಅದು ಕಾಯಿನ್. ‘ಬಿಟ್‌ಕಾಯಿನ್ ದುಬಾರಿಯಾಯ್ತು, ಈಗ ಸಣ್ಣ ಕಾಯಿನ್ ತಗೊಂಡರೆ ನಾಳೆ ಹತ್ತು ಪಟ್ಟು’ ಎನ್ನುವ ಮಾತು ಗೆಳೆಯರಿಂದ ಗೆಳೆಯರಿಗೆ, ಸಂಬಂಧಿಕರಿಂದ ಸಂಬಂಧಿಕರಿಗೆ ದಾಟುತ್ತದೆ. ರೇಟ್ ಎಷ್ಟು ಏರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಆ ಕಾಯಿನ್‌ಗೆ ಕಾವಲು ಯಾರು, ಅವರಿಗೆ ಕೂಲಿ ಎಲ್ಲಿಂದ ಬರುತ್ತದೆ ಎಂದು ಕೇಳುವವರು ಕಡಿಮೆ. ಹಣ ಉಳಿಯುವುದೋ ಮುಳುಗುವುದೋ ಎಂಬುದು ಬಹುಪಾಲು ಈ ಎರಡನೆಯ ಪ್ರಶ್ನೆಯ ಮೇಲೆ ನಿಂತಿದೆ.

ಅಡಿಕೆ ಒಣಗಲು ಹಾಕಿದ ಅಂಗಳವನ್ನು ನೆನಪಿಸಿಕೊಂಡರೆ ವಿಷಯ ಬೇಗ ಅರ್ಥವಾಗುತ್ತದೆ. ಅಂಗಳದಲ್ಲಿ ಲಕ್ಷಾಂತರ ರೂಪಾಯಿಯ ಮಾಲು ಇದ್ದು, ಕಾವಲಿಗೆ ಒಬ್ಬನೇ ಇದ್ದರೆ, ಹತ್ತು ಜನರನ್ನು ಕೂಲಿಗೆ ಕರೆತಂದ ಕಳ್ಳನಿಗೆ ಅದು ಲಾಭದ ಕೆಲಸ. ಬೇಲಿ ಎಷ್ಟು ಚಂದ ಇದೆ ಎಂಬುದು ಆಗ ಲೆಕ್ಕಕ್ಕೆ ಬರುವುದಿಲ್ಲ. ಕ್ರಿಪ್ಟೋದಲ್ಲಿ ಈ ಕಾವಲಿನ ಹೆಸರೇ ಮೈನಿಂಗ್.

ಬಿಟ್‌ಕಾಯಿನ್‌ನಲ್ಲಿ ಸರಾಸರಿ 10 ನಿಮಿಷಕ್ಕೊಮ್ಮೆ ಹೊಸ ವ್ಯವಹಾರಗಳನ್ನು ಒಂದು ‘ಬ್ಲಾಕ್’ ಆಗಿ ಲೆಕ್ಕದ ಪುಸ್ತಕಕ್ಕೆ ಸೇರಿಸುತ್ತಾರೆ. ಸೇರಿಸುವ ಹಕ್ಕಿಗಾಗಿ ಜಗತ್ತಿನಾದ್ಯಂತ ಯಂತ್ರಗಳು ಕರೆಂಟು ಸುಟ್ಟು ಸ್ಪರ್ಧೆ ಮಾಡುತ್ತವೆ. ಗೆದ್ದವನಿಗೆ ಹೊಸ ನಾಣ್ಯ ಮತ್ತು ವ್ಯವಹಾರದ ಶುಲ್ಕ ಸಿಗುತ್ತದೆ. 2009ರಲ್ಲಿ ಈ ಬಹುಮಾನ ಬ್ಲಾಕ್ ಒಂದಕ್ಕೆ 50 ಬಿಟ್‌ಕಾಯಿನ್ ಇತ್ತು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧ ಆಗುತ್ತಾ ಬಂದು 2024ರ ಏಪ್ರಿಲ್‌ನಿಂದ 3.125ಕ್ಕೆ ಇಳಿದಿದೆ. ನಾಣ್ಯ ಕಡಿಮೆಯಾದರೂ ಬೆಲೆ ಏರಿದ್ದರಿಂದ ಕೂಲಿ ಉಳಿದಿದೆ, ಕಾವಲೂ ಉಳಿದಿದೆ. ಎಲ್ಲ ಮೈನರ್‌ಗಳ ಒಟ್ಟು ಶಕ್ತಿಯ ಅರ್ಧಕ್ಕಿಂತ ಹೆಚ್ಚು ಒಬ್ಬನ ಕೈಗೆ ಬಂದರೆ ಮಾತ್ರ ಅವನು ಇತ್ತೀಚಿನ ಪುಟಗಳನ್ನು ಹರಿದು ತನಗೆ ಬೇಕಾದಂತೆ ಮತ್ತೆ ಬರೆಯಬಹುದು. ಇದಕ್ಕೆ 51 ಶೇಕಡಾ ದಾಳಿ ಎನ್ನುತ್ತಾರೆ. ಬಿಟ್‌ಕಾಯಿನ್‌ನಲ್ಲಿ ಅಷ್ಟು ಯಂತ್ರ ಒಟ್ಟುಗೂಡಿಸುವ ಖರ್ಚೇ ದೊಡ್ಡ ರಕ್ಷಣೆ.

ಸಣ್ಣ ಕಾಯಿನ್‌ಗಳ ಸಮಸ್ಯೆ ಶುರುವಾಗುವುದು ಇಲ್ಲಿಂದ. ಬೆಲೆ ಕಡಿಮೆ ಆದ್ದರಿಂದ ಕೂಲಿ ಕಡಿಮೆ, ಕೂಲಿ ಕಡಿಮೆ ಆದ್ದರಿಂದ ಮೈನರ್‌ಗಳೂ ಕಡಿಮೆ. ಅದರ ಮೇಲೆ, ಒಂದೇ ಜಾತಿಯ ಯಂತ್ರ ಹಲವು ಕಾಯಿನ್‌ಗಳಿಗೆ ಆಗುತ್ತದೆ. ನೈಸ್‌ಹ್ಯಾಶ್‌ನಂಥ ಮಾರುಕಟ್ಟೆಯಲ್ಲಿ ಮೈನಿಂಗ್ ಶಕ್ತಿಯನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯಬಹುದು. ಕಳ್ಳ ಯಂತ್ರ ಕೊಳ್ಳಬೇಕಾಗಿಯೇ ಇಲ್ಲ.

ದಾಳಿ ನಡೆಯುವ ರೀತಿ ಸರಳ. ದಾಳಿಕೋರ ಕಾಯಿನ್‌ಗಳನ್ನು ಎಕ್ಸ್‌ಚೇಂಜ್‌ಗೆ ಕಳಿಸುತ್ತಾನೆ, ಮಾರುತ್ತಾನೆ, ಬಂದ ಹಣವನ್ನು ಹೊರಗೆ ಸಾಗಿಸುತ್ತಾನೆ. ಅದೇ ಹೊತ್ತಿಗೆ ಆ ವ್ಯವಹಾರವೇ ಇಲ್ಲದ ಇನ್ನೊಂದು ಲೆಕ್ಕದ ಪುಸ್ತಕವನ್ನು ಗುಟ್ಟಾಗಿ ಬರೆಯುತ್ತಿರುತ್ತಾನೆ. ಅದು ಉದ್ದವಾದ ಕೂಡಲೇ ಬಿಡುಗಡೆ ಮಾಡುತ್ತಾನೆ. ಹೆಚ್ಚು ಕೆಲಸ ನಡೆದ ಪುಸ್ತಕವೇ ನಿಜ ಎಂಬುದು ವ್ಯವಸ್ಥೆಯ ನಿಯಮ ಆದ್ದರಿಂದ ಎಲ್ಲರೂ ಅದನ್ನೇ ಒಪ್ಪುತ್ತಾರೆ. ಹಣವೂ ಅವನದ್ದೇ, ಕಾಯಿನೂ ಅವನದ್ದೇ.

ಇದು ಕಾಗದದ ಮೇಲಿನ ಭಯ ಅಲ್ಲ. 2018ರ ಮೇ ತಿಂಗಳಲ್ಲಿ ಬಿಟ್‌ಕಾಯಿನ್ ಗೋಲ್ಡ್ ಮೇಲೆ ನಡೆದ ದಾಳಿಯಲ್ಲಿ ಸುಮಾರು 3.88 ಲಕ್ಷ ಕಾಯಿನ್‌ಗಳು, ಅಂದಿನ ಬೆಲೆಯಲ್ಲಿ 1.8 ಕೋಟಿ ಡಾಲರ್‌ನಷ್ಟು, ಒಳಗಾದವು. ದೊಡ್ಡ ಕಂಪೆನಿಗಳ ವಿಶೇಷ ಯಂತ್ರಗಳ ಬದಲು ಸಾಮಾನ್ಯ ಗ್ರಾಫಿಕ್ಸ್ ಕಾರ್ಡ್ ಇದ್ದವನೂ ಮೈನಿಂಗ್ ಮಾಡಲಿ ಎಂದು ಹುಟ್ಟಿದ ಕಾಯಿನ್ ಅದು. ಸಾಮಾನ್ಯ ಯಂತ್ರ ಬಾಡಿಗೆಗೂ ಸುಲಭ ಎಂಬುದೇ ಅದಕ್ಕೆ ಮುಳುವಾಯಿತು. 2020ರ ಆಗಸ್ಟ್‌ನಲ್ಲಿ ಎಥೀರಿಯಂ ಕ್ಲಾಸಿಕ್ ಮೇಲೆ ಒಂದೇ ತಿಂಗಳಲ್ಲಿ ಮೂರು ದಾಳಿಗಳಾದವು. ಮೊದಲ ದಾಳಿಯಲ್ಲಿ ಬಾಡಿಗೆಗೆ ಸುಮಾರು 1.92 ಲಕ್ಷ ಡಾಲರ್ ಖರ್ಚು ಮಾಡಿ 56 ಲಕ್ಷ ಡಾಲರ್ ಮೌಲ್ಯದ ಕಾಯಿನ್‌ಗಳನ್ನು ಎರಡು ಬಾರಿ ಖರ್ಚು ಮಾಡಲಾಯಿತು ಎಂದು ಬ್ಲಾಕ್‌ಚೈನ್ ವಿಶ್ಲೇಷಣಾ ಸಂಸ್ಥೆ ಬಿಟ್‌ಕ್ವೆರಿ ಲೆಕ್ಕ ಹಾಕಿತು. ಒಂದು ರೂಪಾಯಿ ಹಾಕಿ ಇಪ್ಪತ್ತೊಂಬತ್ತು ರೂಪಾಯಿ ತೆಗೆದ ಹಾಗೆ.

ಪರಿಹಾರ ಹುಡುಕಿದವರೂ ಇದ್ದಾರೆ. ತಮಾಷೆಗೆ ಹುಟ್ಟಿದ ಡೋಜ್‌ಕಾಯಿನ್‌ನಲ್ಲಿ ಬಹುಮಾನ ಬೇಗ ಬೇಗ ಇಳಿದು ಮೈನರ್‌ಗಳು ಕಾಲು ಕೀಳತೊಡಗಿದಾಗ, 2014ರ ಸೆಪ್ಟೆಂಬರ್‌ನಲ್ಲಿ ಅದನ್ನು ಲೈಟ್‌ಕಾಯಿನ್ ಜೊತೆ ಜೋಡಿಸಲಾಯಿತು. ಒಂದೇ ಯಂತ್ರ, ಒಂದೇ ಕರೆಂಟು, ಎರಡೂ ಕಾಯಿನ್‌ನ ಕೂಲಿ. ಪಕ್ಕದ ತೋಟದ ಕಾವಲಿನವನು ಈ ಅಂಗಳಕ್ಕೂ ಒಂದು ಕಣ್ಣು ಇಟ್ಟಂತೆ. ಮುಂದೆ ಬ್ಲಾಕ್‌ಗೆ 10,000 ಡೋಜ್ ಎಂದು ಬಹುಮಾನವೂ ಖಾಯಂ ಆಯಿತು. ಆದರೆ ಇದಕ್ಕೂ ಬೆಲೆ ಇದೆ. ವರ್ಷಕ್ಕೆ ಸುಮಾರು 500 ಕೋಟಿ ಹೊಸ ಡೋಜ್ ಹುಟ್ಟುತ್ತವೆ, ಆ ಕೂಲಿಯ ಹೊರೆ ಕಾಯಿನ್ ಇಟ್ಟುಕೊಂಡವರ ಮೇಲೆಯೇ ಬೀಳುತ್ತದೆ. ಜಂಟಿ ಮೈನಿಂಗ್ ತಿರುಗಿ ಬಿದ್ದ ಉದಾಹರಣೆಯೂ ಇದೆ. 2012ರ ಜನವರಿಯಲ್ಲಿ ಕಾಯಿಲ್ಡ್‌ಕಾಯಿನ್ ಎಂಬ ಹೊಸ ನಾಣ್ಯವನ್ನು ಒಂದು ಬಿಟ್‌ಕಾಯಿನ್ ಮೈನಿಂಗ್ ಗುಂಪು ತನ್ನ ಶಕ್ತಿ ತಿರುಗಿಸಿ ಹುಟ್ಟಿದ ಕೆಲವೇ ದಿನಗಳಲ್ಲಿ ಮುಗಿಸಿಬಿಟ್ಟಿತು. ದೊಡ್ಡವನ ಕಾವಲು ಸಿಗುವುದು ದೊಡ್ಡವನು ಮನಸ್ಸು ಮಾಡಿದರೆ ಮಾತ್ರ.

ತೀರಾ ಸಣ್ಣದಲ್ಲದ ಮೊನೆರೊ ಕೂಡ 2025ರ ಆಗಸ್ಟ್‌ನಲ್ಲಿ ನಡುಗಿತು. ಕ್ಯೂಬಿಕ್ ಎಂಬ ಯೋಜನೆ ತನ್ನದೇ ಟೋಕನ್‌ನ ಮೂಲಕ ಹೆಚ್ಚಿನ ಕೂಲಿ ಕೊಟ್ಟು ಮೊನೆರೊ ಮೈನರ್‌ಗಳನ್ನು ಸೆಳೆಯಿತು, ಆರು ಬ್ಲಾಕ್‌ಗಳ ಲೆಕ್ಕ ಅಳಿಸಿ ಹೊಸದಾಗಿ ಬರೆಯಲ್ಪಟ್ಟಿತು. ಕ್ರಾಕನ್ ಎಕ್ಸ್‌ಚೇಂಜ್ ಮೊನೆರೊ ಜಮೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅಲ್ಲಿ ಯಾರೂ ಕೋಡ್ ಮುರಿಯಲಿಲ್ಲ. ಕಾವಲಿನವರಿಗೆ ಬೇರೆಯವರು ಹೆಚ್ಚು ಕೂಲಿ ತೋರಿಸಿದರು, ಅಷ್ಟೇ.

ಇವೆಲ್ಲ ಕಾವಲು ಇದ್ದೂ ಸಾಲದೆ ಹೋದ ಕಾಯಿನ್‌ಗಳ ಕಥೆ. ಕೇರಳದಲ್ಲಿ ಹೆಚ್ಚು ಜನ ಹಣ ಕಳಕೊಂಡದ್ದು ಈ ಲೆಕ್ಕವೇ ಇಲ್ಲದ ಕಡೆ. ಮೋರಿಸ್ ಕಾಯಿನ್ ಪ್ರಕರಣ ಅದಕ್ಕೆ ಸಾಕ್ಷಿ. 15,000 ರೂಪಾಯಿಗೆ 10 ಕಾಯಿನ್, 300 ದಿನ ತೆಗೆಯುವಂತಿಲ್ಲ, ಬೆಲೆ ಏರುತ್ತದೆ ಎಂಬ ಆಸೆ. 900ಕ್ಕೂ ಹೆಚ್ಚು ಹೂಡಿಕೆದಾರರಿಂದ ಸುಮಾರು 1,200 ಕೋಟಿ ರೂಪಾಯಿ ಸಂಗ್ರಹಿಸಲಾಗಿದೆ ಎಂದು ಆರೋಪಿಸಿದ ಜಾರಿ ನಿರ್ದೇಶನಾಲಯ, 2022ರ ಜನವರಿಯಲ್ಲಿ 36.72 ಕೋಟಿಯ ಆಸ್ತಿ ಮುಟ್ಟುಗೋಲು ಹಾಕಿತು. ಎರಡು ಅಂಕಿಗಳ ನಡುವಿನ ಅಂತರ ನೋಡಿದರೆ ಕಳಕೊಂಡವರ ಪಾಡು ಊಹಿಸಬಹುದು. ಇಂಥ ಯೋಜನೆಗಳು ಜಾಹೀರಾತಿನಿಂದ ಹರಡುವುದಕ್ಕಿಂತ ಹೆಚ್ಚು ಪರಿಚಯದಿಂದ ಹರಡುತ್ತವೆ. ಭಾವ ಹೇಳಿದ, ರೂಮ್‌ಮೇಟ್ ಹೇಳಿದ, ಊರಿನವನೇ ಸೇರಿಸಿದ ಎಂಬ ಧೈರ್ಯದಿಂದ ಜನ ಹಣ ಹಾಕುತ್ತಾರೆ.

ಮೊಬೈಲ್‌ನಲ್ಲಿ ದಿನಕ್ಕೊಮ್ಮೆ ಬಟನ್ ಒತ್ತಿದರೆ ಮೈನಿಂಗ್ ಆಗುತ್ತದೆ ಎನ್ನುವ ಆ್ಯಪ್‌ಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಯಂತ್ರ ದುಡಿಯದೆ, ಕರೆಂಟು ಖರ್ಚಾಗದೆ ನಡೆಯುವ ಆ ‘ಮೈನಿಂಗ್’ ಯಾವ ಲೆಕ್ಕವನ್ನೂ ಕಾಯುವುದಿಲ್ಲ. ಮೈನಿಂಗೇ ಇಲ್ಲದೆ ನಡೆಯುವ ಕಾಯಿನ್‌ಗಳೂ ಇವೆ, 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಆ ದಾರಿಗೆ ಬಂತು. ಅಲ್ಲಿ ಕಾವಲಿನವರು ತಮ್ಮ ಕಾಯಿನ್‌ಗಳನ್ನೇ ಅಡವಿಡುತ್ತಾರೆ, ಮೋಸ ಮಾಡಿದರೆ ಅಡವು ಕರಗುತ್ತದೆ. ಬಟನ್ ಒತ್ತಿದವನು ಅಡವಿಟ್ಟದ್ದು ಏನೂ ಇಲ್ಲ.

ಇನ್ನು ಊರಲ್ಲೇ ಯಂತ್ರ ಇಟ್ಟು ದುಡಿಯುವ ಯೋಚನೆ. 3,250 ವಾಟ್‌ನ ಒಂದು ಮೈನಿಂಗ್ ಯಂತ್ರ ಹಗಲು ರಾತ್ರಿ ಓಡಿದರೆ ದಿನಕ್ಕೆ 78 ಯೂನಿಟ್, ತಿಂಗಳಿಗೆ 2,340 ಯೂನಿಟ್ ಕರೆಂಟು ಬೇಕು. ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭಕ್ಕೆ 30 ಶೇಕಡಾ ತೆರಿಗೆ ಇದೆ. ಮೈನಿಂಗ್‌ನ ಮೂಲಸೌಕರ್ಯದ ಖರ್ಚನ್ನು ಅದರಲ್ಲಿ ಕಳೆಯುವ ಹಾಗಿಲ್ಲ ಎಂದು ಕೇಂದ್ರ ಸರಕಾರ ಅದೇ ವರ್ಷ ಮಾರ್ಚ್‌ನಲ್ಲಿ ಲೋಕಸಭೆಗೆ ತಿಳಿಸಿದೆ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತೆಯೂ ಇಲ್ಲ. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಕಾಯಿನ್‌ಗೆ ಅದೂ ಇಲ್ಲ.

ಹಾಗಾಗಿ ಯಾರಾದರೂ ಹೊಸ ಕಾಯಿನ್ ತೋರಿಸಿದರೆ ಬದಿಯಡ್ಕದ ಯುವಕ ಕೇಳಬೇಕಾದ್ದು ಮೂರು ಮಾತು. ಇದರ ಲೆಕ್ಕ ಕಾಯುವವರು ಯಾರು? ಅವರಿಗೆ ಕೂಲಿ ಎಲ್ಲಿಂದ? ಅವರಿಗಿಂತ ಹೆಚ್ಚು ಶಕ್ತಿಯನ್ನು ಒಂದು ರಾತ್ರಿ ಬಾಡಿಗೆಗೆ ತರಲು ಎಷ್ಟು ಖರ್ಚು? ‘ಹೊಸಬರು ಸೇರಿದರೆ ಹಳಬರಿಗೆ ಹಣ’ ಎಂಬ ಉತ್ತರ ಬಂದರೆ ಅದು ಕಾಯಿನ್ ಅಲ್ಲ, ಚೈನು. ಉತ್ತರವೇ ಬಾರದಿದ್ದರೆ ಮೊಬೈಲ್ ಕಿಸೆಗೆ ಹಾಕಿ ಎದ್ದು ಬರುವುದು ಒಳ್ಳೆಯದು. ಹಾಕುವ ಹಣ ಹೆಚ್ಚಾಗಿ ಆ ಯುವಕನದ್ದೂ ಆಗಿರುವುದಿಲ್ಲ. ದುಬೈಯಲ್ಲೋ ದಮ್ಮಾಮ್‌ನಲ್ಲೋ ಅಣ್ಣ ಓವರ್‌ಟೈಮ್ ಮಾಡಿ ತಂಗಿಯ ಮದುವೆಗೆ ಕಳಿಸಿದ ಹಣ ಅದು.