ಎದೆಯ ಮೇಲಿನ ಹೆಸರು

ಅಮೆರಿಕದಿಂದ ರಜೆಗೆ ಬಂದಿದ್ದ ಸೋದರಳಿಯ ಹಳೆಯ ಬೇಸ್‌ಬಾಲ್ ಸಮವಸ್ತ್ರದ ಮಾದರಿಯಲ್ಲಿ ಹೊಸದಾಗಿ ಹೊಲಿದ ಅಂಗಿ ತೊಟ್ಟಿದ್ದ. ಎದೆಯ ಮೇಲೆ ‘ನೆವಾರ್ಕ್ ಈಗಲ್ಸ್’ ಎಂದಿತ್ತು. ಅದು ಯಾವ ತಂಡವೆಂದು ಕೇಳಿದೆ. “ಗೊತ್ತಿಲ್ಲ ಮಾಮ, ಅಕ್ಷರ ಚೆನ್ನಾಗಿತ್ತು, ತೊಗೊಂಡೆ” ಎಂದ.

ಇಂಥ ಅಂಗಿಗಳನ್ನು ‘ಮರೆತುಹೋದ ತಂಡಗಳ ನೆನಪಿಗೆ’ ಎಂದು ಮಾರುವುದುಂಟು. ‘ಮರೆತುಹೋದ’ ಎಂಬ ಮಾತಿಗೆ ನನ್ನ ತಕರಾರಿದೆ. ಆ ತಂಡಗಳು ತಾವಾಗಿ ಮರೆತುಹೋದವುಗಳಲ್ಲ. ಬಿಳಿಯರ ಪ್ರಮುಖ ಲೀಗ್‌ಗಳು ಕಪ್ಪು ಜನರನ್ನು ಹೊರಗಿಟ್ಟಿದ್ದ ಕಾಲದಲ್ಲಿ, 1920ರಲ್ಲಿ, ರೂಬ್ ಫಾಸ್ಟರ್ ಕಾನ್ಸಾಸ್ ಸಿಟಿಯಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದರು. ಮುಂದೆ ಅದೇ ಹಾದಿಯಲ್ಲಿ ಬೆಳೆದ ತಂಡಗಳಲ್ಲಿ ಈಗಲ್ಸ್ ಒಂದು.

1947ರಲ್ಲಿ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಕಣಕ್ಕಿಳಿದಾಗ ವರ್ಣಭೇದದ ಗೋಡೆ ಬಿರಿಯಿತು. ಆದರೆ ಅವರು ಅದಕ್ಕೆ ಮೊದಲು ಆಡಿದ್ದ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ ಒಂದು ಡಾಲರೂ ದಕ್ಕಲಿಲ್ಲ. ಈ ಅನ್ಯಾಯವನ್ನು ಎದುರಿಸಿದವರು ಈಗಲ್ಸ್ ತಂಡದ ಒಡತಿ ಎಫಾ ಮ್ಯಾನ್ಲಿ. ಅದೇ ವರ್ಷ ಲ್ಯಾರಿ ಡೋಬಿಯನ್ನು ಕ್ಲೀವ್‌ಲ್ಯಾಂಡ್ ತಂಡಕ್ಕೆ ಬಿಟ್ಟುಕೊಡುವಾಗ ಅವರು ಪಟ್ಟು ಹಿಡಿದು 15,000 ಡಾಲರ್ ಪಡೆದರು.

ಬಾಗಿಲು ತೆರೆದದ್ದು ಆಟಗಾರರಿಗೆ, ತಂಡಗಳಿಗಲ್ಲ. ಪ್ರೇಕ್ಷಕರು ಆಟಗಾರರ ಹಿಂದೆ ನಡೆದರು. 1948ರ ಋತುವಿನ ಬಳಿಕ ಲೀಗ್ ಮುಚ್ಚಿತು, ಈಗಲ್ಸ್ ಮಾರಾಟವಾಯಿತು. ಆ ಕಾಲದ ಲೀಗ್‌ಗಳನ್ನು ‘ಪ್ರಮುಖ’ ಎಂದು ಮೇಜರ್ ಲೀಗ್ ಬೇಸ್‌ಬಾಲ್ ಒಪ್ಪಿಕೊಂಡದ್ದು 2020ರಲ್ಲಿ. ಅವುಗಳ ಅಂಕಿಅಂಶ ಅಧಿಕೃತ ದಾಖಲೆಗೆ ಸೇರಿದ್ದು 2024ರಲ್ಲಿ. ಆಗ 1947ರಲ್ಲೇ ತೀರಿಕೊಂಡಿದ್ದ ಜಾಷ್ ಗಿಬ್ಸನ್ ಬ್ಯಾಟಿಂಗ್ ಸರಾಸರಿಯಲ್ಲಿ ಸಾರ್ವಕಾಲಿಕ ಅಗ್ರಸ್ಥಾನಕ್ಕೇರಿದರು.

ಫ್ಯಾಷನ್ನಿನ ನೆಪದಲ್ಲಾದರೂ ಹೆಸರು ಉಳಿಯಿತಲ್ಲ ಎನ್ನುವವರಿದ್ದಾರೆ. ಒಪ್ಪುತ್ತೇನೆ, ಅಂಗಿ ಇರದಿದ್ದರೆ ನಾನು ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಆದರೆ ಇತಿಹಾಸವನ್ನು ಕಳಚಿಟ್ಟು ಅಕ್ಷರದ ಅಂದವನ್ನಷ್ಟೇ ಮಾರುವುದು ನೆನಪಲ್ಲ, ಅಲಂಕಾರ. ಕೊರಳಪಟ್ಟಿಯ ಒಳಗಿನ ಚೀಟಿಯಲ್ಲಿ ತಂಡದ ಕಥೆಗೆ ಎರಡು ಸಾಲಿನ ಜಾಗವಿರಲಿ. ಲಾಭದ ಒಂದು ಪಾಲು, 1990ರಿಂದ ಈ ಚರಿತ್ರೆಯನ್ನು ಕಾಯುತ್ತಿರುವ ಕಾನ್ಸಾಸ್ ಸಿಟಿಯ ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂನಂಥ ಸಂಸ್ಥೆಗೆ ಸಲ್ಲಲಿ. ನಮ್ಮವರನ್ನು ಪುಕ್ಕಟೆಯಾಗಿ ಒಯ್ಯಬೇಡಿ ಎಂದು ಹೋರಾಡಿದ ಹೆಣ್ಣುಮಗಳ ತಂಡದ ಹೆಸರನ್ನೇ ಇಂದು ಪುಕ್ಕಟೆಯಾಗಿ ಬಳಸಿಕೊಳ್ಳುವುದು ನ್ಯಾಯವಲ್ಲ.