ಎಚ್ಚರಿಕೆ ಅಡಗಿದರೆ ದೋಷ ಅಡಗುವುದೇ?

ಬೆಂಗಳೂರು: 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶದ ಒಂದು ಪರಿಷ್ಕರಣೆ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಗಣಕಗಳನ್ನು ಸ್ತಬ್ಧಗೊಳಿಸಿತು. ಅಂದು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಏರುಪೇರಾಯಿತು. ಕಾರಣ ಅತಿ ಸಣ್ಣದು. 20 ಮೌಲ್ಯಗಳಿದ್ದಲ್ಲಿ ತಂತ್ರಾಂಶವು 21ನೆಯದನ್ನು ಓದಲು ಹೋಗಿ, ತನ್ನದಲ್ಲದ ಸ್ಮೃತಿಗೆ ಕೈಹಾಕಿತ್ತು.

ಇದು ಪಾಯಿಂಟರ್ ಪರಿವರ್ತನೆಯ ತಪ್ಪಲ್ಲ, ಅದೇ ಕುಲದ್ದು. ಪಾಯಿಂಟರ್ ಎಂದರೆ ಸ್ಮೃತಿಯೊಳಗಿನ ಒಂದು ವಿಳಾಸ. ಆ ವಿಳಾಸದಲ್ಲಿರುವುದನ್ನು ಬೇರೊಂದು ಬಗೆಯದೆಂದು ಪರಿಗಣಿಸುವಂತೆ ಕಂಪೈಲರ್‌ಗೆ ಆದೇಶಿಸುವುದೇ ಕಾಸ್ಟಿಂಗ್. ಆದೇಶ ಸರಿಯೋ ತಪ್ಪೋ ಎಂದು ಸಿ ಭಾಷೆ ಸಾಮಾನ್ಯವಾಗಿ ವಿಚಾರಿಸದು.

ಕೆಂಗೇರಿಯ ಆಸುಪಾಸಿನಲ್ಲೂ ಮಲ್ಲತ್ತಹಳ್ಳಿಯಲ್ಲೂ ಇಂಜಿನಿಯರಿಂಗ್ ಕಾಲೇಜುಗಳಿವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯದಲ್ಲಿ ಸಿ ಭಾಷೆಗೆ ಬಹುಕಾಲದಿಂದ ಸ್ಥಾನವಿದೆ. ಒಂದು ತಲೆಮಾರು ಕಲಿತದ್ದು ಟರ್ಬೊ ಸಿ ಮೇಲೆ. ಅದರ ಸಣ್ಣ ಸ್ಮೃತಿ ಮಾದರಿಯಲ್ಲಿ ಪಾಯಿಂಟರ್ ಹಾಗೂ ಇಂಟ್ ಎರಡೂ 2 ಬೈಟ್. ಒಂದನ್ನು ಇನ್ನೊಂದರಲ್ಲಿ ಇಟ್ಟರೂ ನಷ್ಟವಿರಲಿಲ್ಲ. ಇಂದಿನ 64 ಬಿಟ್ ಗಣಕದಲ್ಲಿ ಪಾಯಿಂಟರ್ 8 ಬೈಟ್, ಇಂಟ್ 4. ಅರ್ಧ ವಿಳಾಸವೇ ಕಳೆದುಹೋಗುತ್ತದೆ. ಲಾಂಗ್ ಬಳಸಿದರಾಯಿತಲ್ಲ ಎನ್ನುವವರುಂಟು. ಅದು ಲಿನಕ್ಸ್‌ನಲ್ಲಿ 8 ಬೈಟ್, ವಿಂಡೋಸ್‌ನಲ್ಲಿ 4! ಇದಕ್ಕೆಂದೇ 1999ರ ಸಿ ಮಾನಕವು 'ಯುಇಂಟ್‌ಪಿಟಿಆರ್_ಟಿ' ಎಂಬ ಬಗೆಯನ್ನು ಒದಗಿಸಿದೆ.

2024ರ ಮೇ ತಿಂಗಳಲ್ಲಿ ಬಂದ ಜಿಸಿಸಿ 14, ಹೊಂದದ ಪಾಯಿಂಟರ್‌ಗಳನ್ನು ಒಂದಕ್ಕೊಂದು ನಿಯೋಜಿಸುವುದನ್ನು ಎಚ್ಚರಿಕೆಯ ಬದಲು ದೋಷವೆಂದೇ ಘೋಷಿಸಿತು. ಸ್ವಾಗತಾರ್ಹ ಕ್ರಮ. ಆದರೆ ಅಪಾಯವಿರುವುದು ಇಲ್ಲಿಯೇ: ಆವರಣದಲ್ಲಿ ಹೊಸ ಬಗೆಯ ಹೆಸರು ಬರೆದು ಕಾಸ್ಟ್ ಮಾಡಿದರೆ ಕಂಪೈಲರ್ ಬಾಯಿ ಮುಚ್ಚುತ್ತದೆ, ಪ್ರಯೋಗಾಲಯದ ಅಂಕವೂ ಸಿಗುತ್ತದೆ. ಜಾಲದಿಂದ ಬಂದ ಬೈಟ್‌ಗಳ ಸಾಲನ್ನು ಹೀಗೆ ಪೂರ್ಣಾಂಕವೆಂದು ಓದಿದರೆ, ವಿಳಾಸದ ಜೋಡಣೆ ತಪ್ಪಿ ಕೆಲವು ಪ್ರೊಸೆಸರ್‌ಗಳು ಕೆಲಸ ನಿಲ್ಲಿಸುತ್ತವೆ. ಇನ್ನು ಕೆಲವೊಮ್ಮೆ, ವೇಗಕ್ಕಾಗಿ ಕಂಪೈಲರ್ ಮಾಡುವ ಮಾರ್ಪಾಡಿನಿಂದ ತಪ್ಪು ಉತ್ತರ ಬರುತ್ತದೆ. ಪರೀಕ್ಷೆಯ ದಿನ ಎರಡೂ ಕಾಣಿಸದಿರಬಹುದು. ಮೆಮ್‌ಕಾಪಿ ಮೂಲಕ ಬೈಟ್‌ಗಳನ್ನು ನಕಲಿಸಿಕೊಳ್ಳುವುದು ಸುರಕ್ಷಿತ ಮಾರ್ಗ.

ರಸ್ಟ್ ಭಾಷೆ ಬಂದಿದೆಯಲ್ಲ ಎಂಬ ವಾದವಿದೆ. 2022ರಲ್ಲಿ ಲಿನಕ್ಸ್ 6.1 ಅದಕ್ಕೆ ಬಾಗಿಲು ತೆರೆದದ್ದೂ ನಿಜ. ಆದರೂ ಕರ್ನಲ್‌ನ ಬಹುಪಾಲು ಇಂದಿಗೂ ಸಿ. ವಿಜಯನಗರ, ರಾಜಾಜಿನಗರಗಳ ವಿದ್ಯಾರ್ಥಿ ನಾಳೆ ಸಾಧನ ಚಾಲಕಗಳನ್ನು ಬರೆಯಹೊರಟರೆ ಈ ಭಾಷೆಯನ್ನೇ ಎದುರಿಸಬೇಕು. ಪ್ರಯೋಗಾಲಯದಲ್ಲಿ ಪ್ರತಿ ಕಾಸ್ಟ್‌ಗೂ ಕಾರಣ ಕೇಳುವ ಪದ್ಧತಿ ಬರಬೇಕಿದೆ. ಜಿಸಿಸಿ ಉಚಿತ, ಜೋಡಣೆ ತಪ್ಪಿದ ವಿಳಾಸವನ್ನು ಓಡುವಾಗಲೇ ತೋರಿಸಿಕೊಡುವ ಸೌಲಭ್ಯವೂ ಅದರಲ್ಲಿದೆ.